ಹೈನಾನ್ ತಾಯಿ, ಮಂಡ್ಯದ ತಂದೆ: ಕೆಆರ್‌ಎಚ್-2 ಭತ್ತದ ಕಥೆ

ಮಂಡ್ಯದ ವಿ.ಸಿ. ಫಾರಂ ಹೆಸರು ಕೇಳಿರ್ತೀರಿ. ವಿ.ಸಿ. ಅಂದ್ರೆ ವಿಶ್ವೇಶ್ವರಯ್ಯ ಕೆನಾಲ್. ಕೃಷ್ಣರಾಜಸಾಗರದ ನೀರು ತರುವ ಆ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. 1930ರ ದಶಕದ ಆರಂಭದಲ್ಲಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಾಲದಲ್ಲಿ ಶುರುವಾದ ಫಾರಂ ಅದು. ಕೋಲ್ಮನ್‌ಗೇ ಒಂದು ಸಂಚಿಕೆ ಬೇಕು, ಇವತ್ತು ಬಿಡೋಣ.

ಇವತ್ತಿನ ಕಥೆ ಅಲ್ಲಿ ಹುಟ್ಟಿದ ಒಂದು ಭತ್ತದ್ದು. ಹೆಸರು ಕೆಆರ್‌ಎಚ್-2. 1996ರಲ್ಲಿ ಬಿಡುಗಡೆಯಾದ ಹೈಬ್ರಿಡ್. ಇದರ ಹಿಂದಿದ್ದ ದೊಡ್ಡ ಹೆಸರು ಡಾ. ಎಂ. ಮಹಾದೇವಪ್ಪ, ಚಾಮರಾಜನಗರ ಕಡೆಯವರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, 2013ರಲ್ಲಿ ಪದ್ಮಭೂಷಣ ಬಂತು, 2021ರಲ್ಲಿ ತೀರಿಕೊಂಡರು.

ಭತ್ತದಲ್ಲಿ ಹೈಬ್ರಿಡ್ ಮಾಡೋದು ಯಾಕೆ ಕಷ್ಟ ಗೊತ್ತಾ? ಭತ್ತದ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರುತ್ತೆ. ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುತ್ತೆ. ಬೇರೆ ತಳಿ ಜೊತೆ ಸೇರಿಸಬೇಕಾದರೆ ಮೊದಲು ಒಂದು ತಳಿಯ ಗಂಡುತನ ಕೆಡಬೇಕು. ಗದ್ದೆ ತುಂಬಾ ಒಂದೊಂದೇ ಹೂವಿಗೆ ಕತ್ತರಿ ಹಾಕೋಕೆ ಆಗುತ್ತಾ?

ಉತ್ತರ ಸಿಕ್ಕಿದ್ದು 1970ರಲ್ಲಿ, ಚೀನಾದ ಹೈನಾನ್ ದ್ವೀಪದಲ್ಲಿ. ಯುವಾನ್ ಲಾಂಗ್‌ಪಿಂಗ್ ಅವರ ಸಹಾಯಕ ಲಿ ಬಿಹು ಅವರಿಗೆ ಒಂದು ಕಾಡುಭತ್ತದ ಗಿಡ ಕಣ್ಣಿಗೆ ಬಿತ್ತು. ಪರಾಗ ಬಲಿಯದ ಗಿಡ. ಆ ಗುಣ ತಾಯಿಯಿಂದ ಮಕ್ಕಳಿಗೆ ತಪ್ಪದೆ ಬರುತ್ತಿತ್ತು. ಅದೇ ಗುಣ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐಆರ್ 58025ಎ ಅನ್ನೋ ತಳಿಗೆ ಸೇರಿತು. ಅದು ಕೆಆರ್‌ಎಚ್-2ರ ತಾಯಿ. ತಂದೆ ಮಂಡ್ಯದ್ದೇ, ಕೆಎಂಆರ್-3.

ತಂದೆಯ ಕೆಲಸ ಬರೀ ಪರಾಗ ಕೊಡೋದಲ್ಲ. ತಾಯಿಯಿಂದ ಬಂದ ದೋಷವನ್ನು ಮಕ್ಕಳಲ್ಲಿ ಸರಿಮಾಡಬೇಕು. ಇಲ್ಲದಿದ್ದರೆ ರೈತನ ಗದ್ದೆಯಲ್ಲಿ ಪೈರು ಹಚ್ಚಗೆ ನಿಂತಿರುತ್ತೆ, ತೆನೆಯೆಲ್ಲ ಜೊಳ್ಳು. ಕೆಎಂಆರ್-3ಗೆ ಸರಿಮಾಡುವ ಶಕ್ತಿ ಇತ್ತು. ಹೇಗೆ? 1996ರಲ್ಲಿ ಜಗತ್ತಿನಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಗದ್ದೆಯಲ್ಲಿ ಅದು ಕೆಲಸ ಮಾಡುತ್ತಿತ್ತು, ಹಲವು ರಾಜ್ಯಗಳಿಗೂ ಹೋಯಿತು. ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

ವಿವರಣೆ ಬಂದಿದ್ದು 2013ರಲ್ಲಿ, ಅಂದ್ರೆ 17 ವರ್ಷ ಬಿಟ್ಟು. ದಕ್ಷಿಣ ಚೀನಾದ ಗ್ವಾಂಗ್‌ಝೌ ವಿಜ್ಞಾನಿಗಳು ಡಬ್ಲ್ಯುಎ352 ಅನ್ನೋ ಜೀನ್ ಗುರುತಿಸಿದರು. ಅದು ಇರೋದು ಮೈಟೋಕಾಂಡ್ರಿಯಾದಲ್ಲಿ, ಜೀವಕೋಶಕ್ಕೆ ಶಕ್ತಿ ಕೊಡುವ ಭಾಗದಲ್ಲಿ. ಭತ್ತದಲ್ಲಿ ಅದು ತಾಯಿಯಿಂದಲೇ ಬರೋದು. ಆ ಜೀನಿನ ಪ್ರೋಟೀನ್ ಪರಾಗವನ್ನು ಸಾಕುವ ಪದರವನ್ನು ಹೊತ್ತಿಗೆ ಮುಂಚೆ ಸಾಯಿಸುತ್ತೆ. ಸಾಕೋರೇ ಹೋದ್ಮೇಲೆ ಪರಾಗ ಬಲಿಯೋದು ಎಲ್ಲಿಂದ? ಮರುವರ್ಷ, 2014ರಲ್ಲಿ, ಅದರ ಬಾಯಿ ಮುಚ್ಚಿಸುವ ಆರ್‌ಎಫ್4 ಜೀನ್ ಕೂಡ ಸಿಕ್ಕಿತು. ಹಾಗೆ ನೋಡಿದರೆ ಮಂಡ್ಯದಲ್ಲಿ ಬೆಳೆದ ಪ್ರತಿ ಕೆಆರ್‌ಎಚ್-2 ಕಾಳಿನಲ್ಲೂ ಆ ಹೈನಾನ್ ಕಾಡುಗಿಡದ ಮೈಟೋಕಾಂಡ್ರಿಯಾ ವಂಶ ಇದೆ.

ಈಗ ದುಡ್ಡಿನ ಮಾತು. ನಾನು ಬಿಕಾಂ ಓದಿದವನು, ಲೆಕ್ಕ ಕೇಳದೆ ಇರೋಕಾಗಲ್ಲ. ರಾಜಮುಡಿ ಬೆಳೆಯೋರು ಮುಂದಿನ ವರ್ಷದ ಬಿತ್ತನೆಗೆ ಕಣದಲ್ಲೇ ಒಂದಿಷ್ಟು ಎತ್ತಿಡಬಹುದು. ಹೈಬ್ರಿಡ್‌ನಲ್ಲಿ ಅದು ನಡೆಯಲ್ಲ. ಎತ್ತಿಟ್ಟ ಕಾಳು ಬಿತ್ತಿದರೆ ಒಂದು ಉದ್ದ, ಒಂದು ಗಿಡ್ಡ, ಗುಣಗಳೆಲ್ಲ ಚೆದುರಿಹೋಗುತ್ತೆ. ಹಾಗಾಗಿ ಪ್ರತಿ ಒಟ್ಲಿಗೂ ಹೊಸ ಬೀಜ ಕೊಳ್ಳಬೇಕು. ಆ ಬೀಜ ಮಾಡೋದೂ ಸುಲಭ ಅಲ್ಲ: ಗಂಡು ಸಾಲು, ಹೆಣ್ಣು ಸಾಲು ಬೇರೆ ಬೇರೆ ನಾಟಿ, ಎರಡೂ ಒಟ್ಟಿಗೆ ಹೂ ಬಿಡುವ ಹಾಗೆ ದಿನ ಲೆಕ್ಕಹಾಕೋದು, ಹೂ ಅರಳುವ ಹೊತ್ತಿಗೆ ಹಗ್ಗ ಎಳೆದು ಪರಾಗ ಹಾರಿಸೋದು. ಇವತ್ತು ದೇಶದ ಹೈಬ್ರಿಡ್ ಭತ್ತದ ಬೀಜದ ಬಹುಪಾಲು ತೆಲಂಗಾಣದ ಕರೀಂನಗರ, ವಾರಂಗಲ್ ಕಡೆ ಆಗುತ್ತೆ. ಈ ಕೂಲಿಯೆಲ್ಲ ಕೊನೆಗೆ ಬೀಜದ ಚೀಲದ ಬೆಲೆಗೆ ಸೇರುತ್ತೆ. ಹೈಬ್ರಿಡ್ ಇಳುವರಿ ಜಾಸ್ತಿ ಅನ್ನೋರು ಈ ಖರ್ಚನ್ನು ಬೇಗ ಮರೆತುಬಿಡ್ತಾರೆ ಅಂತ ನನಗನ್ನಿಸುತ್ತೆ.

ಇದನ್ನೇ ತಲೆಕೆಳಗು ಮಾಡಬಹುದಾದ ಸುದ್ದಿ 2018ರ ಕೊನೆಗೆ ಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಇಮ್ತಿಯಾಜ್ ಖಾಂಡೇ, ವೆಂಕಟೇಶನ್ ಸುಂದರೇಶನ್ ಮತ್ತವರ ತಂಡ, ಗಂಡಿನ ಪರಾಗದ ಪಾಲಿಲ್ಲದೆ ಭ್ರೂಣ ಕಟ್ಟುವ ಭತ್ತ ಮಾಡಿ ತೋರಿಸಿದರು. ಅದರ ಬೀಜ ಅಂದ್ರೆ ತಾಯಿಯ ನಕಲು. ಆಗ ಎಲ್ಲ ಬೀಜವೂ ನಕಲಾಗಿರಲಿಲ್ಲ, ಸಣ್ಣ ಪಾಲು ಮಾತ್ರ. 2022ರಲ್ಲಿ ಫ್ರಾನ್ಸ್ ವಿಜ್ಞಾನಿಗಳ ಜೊತೆ ಸೇರಿ, ಮಾರಾಟದ ಹೈಬ್ರಿಡ್ ಒಂದರಲ್ಲೇ ಶೇ 95ಕ್ಕಿಂತ ಹೆಚ್ಚು ನಕಲು ಬೀಜ ತೆಗೆದರು. ಅಂದ್ರೆ ಹೈಬ್ರಿಡ್ ಬೆಳೆದೋರೂ ಕಣದಲ್ಲಿ ಬೀಜ ಎತ್ತಿಡಬಹುದು, ಕನಿಷ್ಠ ಪ್ರಯೋಗಾಲಯದ ಮಟ್ಟಿಗೆ.

ನಮ್ಮ ದೇಶದಲ್ಲಿ? 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿ ಘೋಷಿಸಿತು. ಅವುಗಳಲ್ಲಿ ಹೊರಗಿನ ಜೀನ್ ಉಳಿದಿಲ್ಲ, ಅದಕ್ಕೇ ಸಡಿಲ ನಿಯಮ. ನಕಲು ಬೀಜದ ವಿಧಾನದಲ್ಲಿ ಸೇರಿಸಿದ ಜೀನ್ ಉಳಿಯುತ್ತೆ, ಹಾಗಾಗಿ ಅದು ಕುಲಾಂತರಿ ಸಾಲಿಗೆ ಬರುತ್ತೆ. ಕುಲಾಂತರಿ ಭತ್ತಕ್ಕೆ ಇಲ್ಲಿ ಬೇಸಾಯದ ಅನುಮತಿ ಇಲ್ಲ. ಅನುಮತಿ ಸಿಕ್ಕರೂ ಎತ್ತಿಟ್ಟ ಬೀಜದ ಮೇಲೆ ಪೇಟೆಂಟ್ ಹಿಡಿದವರು ಏನು ಕೇಳ್ತಾರೆ ಅನ್ನೋದು ಬೇರೆ ಜಗಳ. ಸದ್ಯಕ್ಕೆ ಕೆಆರ್‌ಎಚ್-2 ಬೇಕು ಅನ್ನೋರು, ನಾಲೆಗೆ ನೀರು ಬಿಡುವ ಹೊತ್ತಿಗೆ ಹೊಸ ಚೀಲ ತಂದಿಟ್ಟುಕೊಂಡಿರಬೇಕು.