ಮನೆಯೊಳಗಣ ದೇವಪೂಜೆ ಮತ್ತು ಅದನ್ನು ಹೊಸದಾಗಿ ಕಲಿತವರು

ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಕೋಳೂರು ಕೊಡಗೂಸಿನ ಕಥೆ ಬರುತ್ತದೆ. ಪರಸ್ಥಳಕ್ಕೆ ಹೊರಟ ತಂದೆಯೊಬ್ಬ, ತಾನು ದಿನವೂ ಶಿವನಿಗೆ ಅರ್ಪಿಸುತ್ತಿದ್ದ ಹಾಲನ್ನು ತಾನು ಮರಳುವವರೆಗೆ ಒಯ್ದು ಅರ್ಪಿಸುವಂತೆ ಪುಟ್ಟ ಮಗಳಿಗೆ ಹೇಳಿ ಹೋಗುತ್ತಾನೆ. ಮಗಳು ಹಾಲನ್ನು ಕಾಸಿ, ಬಟ್ಟಲಲ್ಲಿ ತುಂಬಿಕೊಂಡು ಗುಡಿಗೆ ಹೋಗಿ ಲಿಂಗದ ಮುಂದೆ ಇಡುತ್ತಾಳೆ. ಶಿವ ಕುಡಿಯುವುದಿಲ್ಲ. ಅಪ್ಪ ತಂದಾಗ ಕುಡಿಯುತ್ತಿದ್ದವನು ತಾನು ತಂದಾಗ ಏಕೆ ಕುಡಿಯನು ಎಂದು ಅವಳು ಬೇಡುತ್ತಾಳೆ, ಅಳುತ್ತಾಳೆ, ಕೊನೆಗೆ ತಲೆ ಒಡೆದುಕೊಳ್ಳಲು ಮುಂದಾಗುತ್ತಾಳೆ. ಆಗ ಶಿವ ಪ್ರತ್ಯಕ್ಷನಾಗಿ ಹಾಲು ಕುಡಿಯುತ್ತಾನೆ. ಮರಳಿ ಬಂದ ತಂದೆ ಅದನ್ನು ನಂಬುವುದಿಲ್ಲ. ಹಾಲನ್ನು ಮಗಳೇ ಕುಡಿದಿರಬೇಕೆಂದು ಗದರಿಸುತ್ತಾನೆ. ಹೆದರಿದ ಹುಡುಗಿ ಲಿಂಗವನ್ನು ತಬ್ಬಿ ಅದರಲ್ಲಿಯೇ ಐಕ್ಯವಾಗುತ್ತಾಳೆ. ಹೊರಗೆ ಉಳಿಯುವುದು ಅವಳ ಕೂದಲು ಮಾತ್ರ.

ಈ ಕಥೆಯನ್ನು ಮುಗ್ಧಭಕ್ತಿಯ ನಿದರ್ಶನವೆಂದು ಓದುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಪೂಜೆಯ ಕಲಿಕೆಯ ಬಗೆಗೂ ಇದರಲ್ಲಿ ಒಂದು ಸಾಕ್ಷ್ಯವಿದೆ. ನೈವೇದ್ಯವೆಂದರೆ ದೇವರ ಮುಂದಿರಿಸಿ ಮರಳಿ ತರುವುದು ಎಂಬುದನ್ನು ತಂದೆ ಮಗಳಿಗೆ ಹೇಳಿರಲಿಲ್ಲ. ಹೇಳಬೇಕೆಂದು ಅವನಿಗೆ ತೋಚಿರಲೂ ಇಲ್ಲ, ಏಕೆಂದರೆ ಅವನಿಗೆ ಅದು ಹೇಳಿ ಕಲಿಸುವ ಸಂಗತಿಯೇ ಆಗಿರಲಿಲ್ಲ. ಬಲ್ಲವನು ಹೇಳದೆ ಬಿಟ್ಟ ಈ ಒಂದು ಸಂಗತಿಯಿಂದಲೇ ಹೊಸಬಳ ಸಂಕಟವೆಲ್ಲ ಹುಟ್ಟಿತು. ಇದು ಗುಡಿಯ ಕಥೆಯಾದರೂ, ಮನೆಯೊಳಗಣ ದೇವಪೂಜೆಯ ಚರಿತ್ರೆಯನ್ನು ನೋಡುವವರಿಗೆ ಈ ಹೇಳದೆ ಬಿಟ್ಟ ಮಾತುಗಳ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಗೃಹ್ಯಸೂತ್ರಗಳ ಕಾಲದ ಗೃಹಸ್ಥನಿಗೆ ಮನೆಯ ಆರಾಧನೆಯ ಕೇಂದ್ರ ಅಗ್ನಿ, ಪ್ರತಿಮೆಯಲ್ಲ. ಬೆಳಗು ಬೈಗಿನ ಹೋಮ, ದೇವ, ಪಿತೃ, ಭೂತ, ಮನುಷ್ಯ, ಬ್ರಹ್ಮ ಎಂಬ ಪಂಚಮಹಾಯಜ್ಞಗಳು ಅವನ ದಿನಚರಿಯ ಅಂಗ. ಪ್ರತಿಮೆಯ ಪೂಜೆ ಈ ಚೌಕಟ್ಟಿನೊಳಗೆ ಮೆಲ್ಲನೆ ಸೇರಿಕೊಂಡಿತು. ಬೋಧಾಯನ ಗೃಹ್ಯಸೂತ್ರದ ಪರಿಶಿಷ್ಟ ಭಾಗದಲ್ಲಿ ವಿಷ್ಣು ಮತ್ತು ಮಹಾದೇವರ ನಿತ್ಯಪೂಜೆಯ ವಿಧಿ ಕಾಣಿಸಿಕೊಳ್ಳುತ್ತದೆ. ಮುಂದೆ ಋಗ್ವೇದದ ಪುರುಷಸೂಕ್ತದ 16 ಋಕ್ಕುಗಳಿಗೆ 16 ಉಪಚಾರಗಳನ್ನು ಹೊಂದಿಸುವ ಕ್ರಮ ರೂಢವಾಯಿತು. ಆವಾಹನ, ಆಸನ, ಪಾದ್ಯ, ಅರ್ಘ್ಯ, ಆಚಮನ, ಸ್ನಾನ, ವಸ್ತ್ರ ಹೀಗೆ ಸಾಗುವ ಈ ಸಾಲು, ಮನೆಗೆ ಬಂದ ಗೌರವಾನ್ವಿತ ಅತಿಥಿಯನ್ನು ಸತ್ಕರಿಸುವ ಸಾಲೇ ಆಗಿದೆ. ಬಂದವರಿಗೆ ಕುಳ್ಳಿರಲು ಮಣೆ, ಕಾಲಿಗೆ ನೀರು, ಕುಡಿಯಲು ನೀರು, ಊಟ, ತಾಂಬೂಲ ಕೊಡುವುದನ್ನು ಕಂಡ ಮಗುವಿಗೆ ಷೋಡಶೋಪಚಾರದ ಕ್ರಮವನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ.

ಕರ್ನಾಟಕದಲ್ಲಿ ಈ ವಿಷಯದ ಬಗೆಗೆ ಬರೆದವರು ಸಾಮಾನ್ಯರಲ್ಲ. 13ನೆಯ ಶತಮಾನದ ಮಧ್ವಾಚಾರ್ಯರು ದಿನಚರಿಯನ್ನು ಸಂಕ್ಷೇಪವಾಗಿ ಹೇಳುವ ‘ಸದಾಚಾರಸ್ಮೃತಿ’ಯನ್ನೂ ಮಂತ್ರ, ಪ್ರತಿಮೆ, ಪೂಜಾವಿಧಿಗಳನ್ನು ವಿವರಿಸುವ ನಾಲ್ಕು ಅಧ್ಯಾಯಗಳ ‘ತಂತ್ರಸಾರಸಂಗ್ರಹ’ವನ್ನೂ ರಚಿಸಿದರು. ವಿಜಯನಗರದ ಆರಂಭಕಾಲದ ಮಾಧವಾಚಾರ್ಯರ ‘ಪರಾಶರಮಾಧವೀಯ’ದ ಆಚಾರಕಾಂಡ ಗೃಹಸ್ಥನ ಆಹ್ನಿಕವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಸ್ಮಾರ್ತರ ಪಂಚಾಯತನ ಪೂಜೆಯಲ್ಲಿ ನರ್ಮದೆಯ ಬಾಣಲಿಂಗ, ಗಂಡಕಿಯ ಸಾಲಿಗ್ರಾಮ, ಶೋಣನದಿಯ ಕೆಂಪು ಕಲ್ಲು, ಸ್ವರ್ಣಮುಖಿಯ ಶಿಲೆ, ಸೂರ್ಯನಿಗೆ ಸ್ಫಟಿಕ ಎಂದು ದೇಶದ ನಾನಾ ಮೂಲೆಯ ಕಲ್ಲುಗಳು ಒಂದೇ ಹರಿವಾಣದಲ್ಲಿ ಕೂಡುತ್ತವೆ. ಮನೆತನದ ಇಷ್ಟದೇವತೆ ನಡುವೆ, ಉಳಿದ ನಾಲ್ಕು ಸುತ್ತ.

ಆದರೆ ಈ ಗ್ರಂಥಗಳಲ್ಲಿ ಯಾವುದೂ ಏನನ್ನೂ ಅರಿಯದವನ ಕೈಗೆ ಕೊಡುವ ಬಾಲಬೋಧೆಯಲ್ಲ. ಅವು ಬಲ್ಲವನಿಗೆ ನೆನಪು ಮಾಡಿಕೊಡುತ್ತವೆ. ಸಂದೇಹ ಬಂದಾಗ ನಿರ್ಣಯ ಹೇಳುತ್ತವೆ. ಕಲಿಸುವ ಕೆಲಸವನ್ನು ಅವು ಮನೆಗೇ ಬಿಟ್ಟಿವೆ. ಸಂಗೀತದೊಂದಿಗೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪುರಂದರದಾಸರು ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರಗಳ ಮೆಟ್ಟಿಲುಗಳನ್ನು ಕಟ್ಟಿ, ಮಲಹರಿಯ ಗಣಪತಿ ಗೀತೆಯಿಂದ ಗೀತಾಭ್ಯಾಸವನ್ನು ತೊಡಗಿಸಿದರೆಂದು ಪರಂಪರೆ ಹೇಳುತ್ತದೆ. ಮನೆಯ ಪೂಜೆಗೆ ಹಾಗೆ ಸರಳೆ ಹಾಕಿಕೊಟ್ಟವರು ಯಾರೂ ಇಲ್ಲ. ಅದರ ಅಗತ್ಯವೂ ಅಂದು ಕಂಡಿರಲಿಲ್ಲ.

ಏಕೆಂದರೆ ಪೂಜೆಗಿಂತ ಪೂಜೆಯ ಸಿದ್ಧತೆ ಬಹಳ ದೊಡ್ಡದು. ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಪಾತ್ರೆ ಬೆಳಗುವುದು, ಸಾಣೆಕಲ್ಲಿನ ಮೇಲೆ ಗಂಧ ತೇಯುವುದು, ಹತ್ತಿಯನ್ನು ಹಿಂಜಿ ಹೂಬತ್ತಿ ಮಾಡುವುದು, ಗೆಜ್ಜೆವಸ್ತ್ರ ಹೊಸೆಯುವುದು, ಹೂ ಬಿಡಿಸಿ ಕಟ್ಟುವುದು, ನಿನ್ನೆಯ ನಿರ್ಮಾಲ್ಯವನ್ನು ತೆಗೆದು ಯಾರೂ ತುಳಿಯದ ಕಡೆ ಹಾಕುವುದು, ರಂಗೋಲಿ, ನೀಲಾಂಜನಕ್ಕೆ ತುಪ್ಪ. ಮಂತ್ರ ಹೇಳುವ ಗಂಡಸು ಇವೆಲ್ಲ ಮುಗಿದ ಮೇಲೆ ಬಂದು ಮಣೆಯ ಮೇಲೆ ಕೂರುತ್ತಿದ್ದ. ಮಗು ಮಾತ್ರ ಮೊದಲಿನಿಂದಲೂ ಅಲ್ಲಿಯೇ ಇರುತ್ತಿತ್ತು. ಮೊದಲು ಹೂ ತರುವುದು, ಆಮೇಲೆ ಗಂಧ ತೇಯುವುದು, ಆಮೇಲೆ ಮಂಗಳಾರತಿಗೆ ಗಂಟೆ ಬಾರಿಸುವುದು, ಹೀಗೆ ಕೈ ಕಲಿತ ಎಷ್ಟೋ ವರ್ಷಗಳ ಮೇಲೆ ಬಾಯಿ ಕಲಿಯುತ್ತಿತ್ತು. ಹರಿಹರನು ಮುಂಜಾನೆ ಹೂ ಕೊಯ್ಯುವುದನ್ನೇ ವಸ್ತುವಾಗಿಸಿ ‘ಪುಷ್ಪರಗಳೆ’ಯನ್ನು ಬರೆದುದು ಕೇವಲ ಕವಿಯ ಉತ್ಸಾಹವಲ್ಲ, ಆರಾಧಕನಿಗೆ ಪೂಜೆ ಆರಂಭವಾಗುವುದು ಗಿಡದ ಬುಡದಲ್ಲಿ ಎಂಬ ಅನುಭವ ಅದರ ಹಿಂದಿದೆ. ಶಾಸ್ತ್ರಗ್ರಂಥಗಳು ಈ ಸಿದ್ಧತೆಯ ದುಡಿಮೆಗೆ ಕೊಟ್ಟ ಸ್ಥಳ ಕಡಿಮೆ. ಅದನ್ನು ಮಾಡುತ್ತಿದ್ದವರು ಹೆಂಗಸರು ಎಂಬುದು ಅದಕ್ಕೆ ಕಾರಣವಾಗಿರಬಹುದು.

ಇಲ್ಲಿ ಅಧಿಕಾರದ ಪ್ರಶ್ನೆಯನ್ನು ಮರೆಮಾಡಿ ಮುಂದೆ ಸಾಗುವುದು ಸರಿಯಲ್ಲ. ಉಪನಯನವಿಲ್ಲದವರಿಗೆ, ಎಂದರೆ ಎಲ್ಲ ಹೆಂಗಸರಿಗೂ ಬಹುಸಂಖ್ಯ ಗಂಡಸರಿಗೂ, ವೇದೋಕ್ತ ಮಂತ್ರ ಸಲ್ಲದೆಂದು ನಿಬಂಧಕಾರರು ವಿಧಿಸಿದರು. ಅವರಿಗೆ ಪುರಾಣೋಕ್ತ ಶ್ಲೋಕ ಇಲ್ಲವೇ ದೇವರ ಹೆಸರಿಗೆ ‘ನಮಃ’ ಸೇರಿಸಿದ ನಾಮಮಂತ್ರ ಸಾಕೆಂದರು. ಇದು ಒಂದು ಗೋಡೆ. ಆ ಗೋಡೆಯ ಈಚೆ ಬದಿಯಲ್ಲಿ ಬೆಳೆದದ್ದನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿ ಬಲ್ಲ. ಸೋದೆಯ ವಾದಿರಾಜರು ‘ಲಕ್ಷ್ಮೀಶೋಭಾನೆ’ಯನ್ನು ಕನ್ನಡದಲ್ಲಿ ಬರೆದರು. ಅದು ಮದುವೆಯ ಹಸೆಯಲ್ಲೂ ದೇವರ ಮನೆಯಲ್ಲೂ ಹೆಂಗಸರ ಬಾಯಿಪಾಠವಾಯಿತು. 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ಸ್ವತಃ ರಚಿಸಿದ ಹಾಡುಗಳು ಅದೇ ದಾರಿಯಲ್ಲಿ ಮನೆಮನೆಗೆ ನಡೆದವು. ಮಾನವಿಯ ಜಗನ್ನಾಥದಾಸರು (1728–1809) ‘ಹರಿಕಥಾಮೃತಸಾರ’ದಲ್ಲಿ ಭೋಜನಕ್ಕೊಂದು, ಪಂಚಮಹಾಯಜ್ಞಕ್ಕೊಂದು ಸಂಧಿಯನ್ನೇ ಮೀಸಲಿಟ್ಟು, ಗೃಹ್ಯಸೂತ್ರಗಳ ವಿಷಯವನ್ನು ಭಾಮಿನೀಷಟ್ಪದಿಯಲ್ಲಿ ಅಡುಗೆಮನೆಯವರೆಗೆ ತಂದರು. ಇನ್ನು ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುವುದು, ತುಳಸಿಕಟ್ಟೆಗೆ ನೀರೆರೆಯುವುದು, ಮುಸ್ಸಂಜೆ ದೀಪ ಹಚ್ಚುವುದು. ಇವಕ್ಕೆ ಯಾವ ನಿಬಂಧಕಾರನ ಅಪ್ಪಣೆಯೂ ಬೇಕಿರಲಿಲ್ಲ. ನಾಡಿನ ಬಹುಪಾಲು ಮನೆಗಳಲ್ಲಿ ಪೂಜೆ ಎಂದರೆ ಇದೇ ಆಗಿತ್ತು. ಗೋಡೆಯನ್ನು ಇದಕ್ಕಾಗಿ ಕ್ಷಮಿಸಬೇಕಾಗಿಲ್ಲ. ಆದರೆ ಹಾಡನ್ನು ಮಂತ್ರದ ಬದಲಿಯೆಂದು ಮಾತ್ರ ಎಣಿಸುವುದು ಆ ಹಾಡಿಗೆ ಮಾಡುವ ಅನ್ಯಾಯ.

ಈ ಏರ್ಪಾಡನ್ನು ಬದಲಿಸಿದ್ದು ಮುದ್ರಣ. ಅದು ಮನೆಯನ್ನು ಎರಡು ದಾರಿಗಳಿಂದ ಪ್ರವೇಶಿಸಿತು. ಒಂದು, ಚಿತ್ರ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಶಿಲಾಮುದ್ರಣಾಲಯದಿಂದ ಬಂದ ಲಕ್ಷ್ಮಿ, ಸರಸ್ವತಿಯರು ಜಾತಿಯನ್ನು ಕೇಳದೆ ಗೋಡೆಗಳನ್ನು ಏರಿದರು. ಸಾಲಿಗ್ರಾಮವಿರುವ ಮನೆಯಲ್ಲಿ ಪೂಜೆ ಒಂದು ದಿನವೂ ತಪ್ಪಬಾರದು. ಊರಿಗೆ ಹೋಗುವಾಗ ಅದನ್ನು ಜೊತೆಯಲ್ಲಿ ಒಯ್ಯಬೇಕು ಇಲ್ಲವೇ ನಂಬಿಗಸ್ತರ ಮನೆಯಲ್ಲಿ ಒಪ್ಪಿಸಬೇಕು. ಪಟಕ್ಕೆ ಅಂತಹ ನಿರ್ಬಂಧವಿಲ್ಲ. ಮೇಲಾಗಿ ಕಾಗದದ ದೇವರಿಗೆ ಅಭಿಷೇಕ ಮಾಡಲಾಗದು. ಸ್ನಾನ, ವಸ್ತ್ರಗಳು ತಾವಾಗಿ ಬಿಟ್ಟುಹೋಗಿ ಉಳಿದದ್ದು ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಅವು ಶಾಸ್ತ್ರ ಹೇಳುವ ಪಂಚೋಪಚಾರಗಳೇ! ಗ್ರಂಥಗಳಲ್ಲಿ ಅಶಕ್ತರಿಗೆಂದು ಹೇಳಿದ್ದ ಕಿರಿದಾದ ಕ್ರಮ, ಪಟದ ಮೂಲಕ ಬಹುಜನರ ಸಹಜ ಕ್ರಮವಾಯಿತು.

ಇನ್ನೊಂದು ದಾರಿ, ಪೂಜಾಪುಸ್ತಕ. ಕನ್ನಡ ಲಿಪಿಯಲ್ಲಿ ಸಂಸ್ಕೃತ ಮಂತ್ರ, ನಡುನಡುವೆ ‘ಎಂದು ಹೇಳಿ ಅಕ್ಷತೆಯನ್ನು ಹಾಕುವುದು’ ಎಂಬ ಬಗೆಯ ಸೂಚನೆಗಳು. ವರಮಹಾಲಕ್ಷ್ಮಿ, ಸ್ವರ್ಣಗೌರಿ, ಗಣೇಶ, ಸತ್ಯನಾರಾಯಣ ವ್ರತಗಳ ಈ ಅಗ್ಗದ ಹೊತ್ತಗೆಗಳು ಪುರೋಹಿತರ ಕಂಠದಲ್ಲಿದ್ದುದನ್ನು ಓದಬಲ್ಲ ಎಲ್ಲರ ಕೈಗೂ ಇತ್ತವು. ಓದು ಕಲಿತ ಹೆಣ್ಣುಮಗಳೊಬ್ಬಳು ಯಾರನ್ನೂ ಕೇಳದೆ ಪುರುಷಸೂಕ್ತದ ಪುಟವನ್ನು ತೆರೆಯಬಲ್ಲವಳಾದಳು. ನಿಬಂಧಗಳ ಗೋಡೆಯನ್ನು ಮೊಳೆಯಚ್ಚು ಸದ್ದಿಲ್ಲದೆ ದಾಟಿಸಿತು. ಇದು ಸಣ್ಣ ಸಂಗತಿಯಲ್ಲ.

ಆದರೆ ಪಟ ಕಿರಿದಾಗಿಸಿದ್ದನ್ನು ಪುಸ್ತಕ ಮತ್ತೆ ಹಿರಿದಾಗಿಸಿತು. ಆಚಮನ, ಪ್ರಾಣಾಯಾಮ, ಸಂಕಲ್ಪ, ಕಲಶಪೂಜೆ, ಶಂಖಪೂಜೆ, ಪೀಠಪೂಜೆ, ಪ್ರಾಣಪ್ರತಿಷ್ಠೆ, ಪಂಚಾಮೃತ, ಅಂಗಪೂಜೆ, ಪತ್ರಪೂಜೆ, ಅಷ್ಟೋತ್ತರ ಎಲ್ಲವೂ ಒಂದೇ ಅಳತೆಯ ಅಕ್ಷರಗಳಲ್ಲಿ ಸಾಲಾಗಿ ನಿಂತವು. ಇವುಗಳಲ್ಲಿ ಯಾವುದು ಹಬ್ಬಕ್ಕೆ, ಯಾವುದು ನಿತ್ಯಕ್ಕೆ, ಯಾವುದನ್ನು ಬಿಟ್ಟರೆ ನಡೆಯುತ್ತದೆ ಎಂಬುದನ್ನು ಅಜ್ಜಿಯೊಬ್ಬಳು ಒಂದು ಮಾತಿನಲ್ಲಿ ಹೇಳಿಬಿಡುತ್ತಿದ್ದಳು. ಅಚ್ಚಾದ ಪುಟ ಅದನ್ನು ಹೇಳುವುದಿಲ್ಲ. ಊರು ಬಿಟ್ಟು ನಗರಕ್ಕೆ ಬಂದ, ಹಿರಿಯರಿಲ್ಲದ ಮನೆಯಲ್ಲಿ ಪೂಜೆಗೆ ಕುಳಿತ ಹೊಸಬ ಪುಸ್ತಕದ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಎಲ್ಲವೂ ಸಮಾನವಾಗಿ ಕಡ್ಡಾಯವೆಂದು ನಂಬಿದ. ಉಚ್ಚಾರ ತಪ್ಪಿತೇ, ಕ್ರಮ ತಪ್ಪಿತೇ, ದೋಷ ಬಂದೀತೇ ಎಂಬ ಭಯ ಹತ್ತಿತು. ಹೆಚ್ಚಿನವರು ಕೆಲವು ವಾರ ಎಲ್ಲವನ್ನೂ ಮಾಡಿ, ಆಮೇಲೆ ಏನನ್ನೂ ಮಾಡದಾದರು. ಇವರದೂ ಕೊಡಗೂಸಿನ ಸಂಕಟವೇ. ಆಕೆಗೆ ಹೇಳದೆ ಬಿಟ್ಟದ್ದು ಒಂದೇ ಮಾತು, ಇವರಿಗೆ ಹಲವು.

ವಿಚಿತ್ರವೆಂದರೆ, ಈ ಭಯಕ್ಕೆ ಉತ್ತರ ಅದೇ ಪುಸ್ತಕದೊಳಗಿದೆ. ವಸ್ತ್ರವಿಲ್ಲವೇ, ಆಭರಣವಿಲ್ಲವೇ? ‘ಆಭರಣಾರ್ಥೇ ಅಕ್ಷತಾನ್’ ಎಂದು ನಾಲ್ಕು ಕಾಳು ಅಕ್ಕಿ ಹಾಕಿದರೆ ಆಯಿತು. ಛತ್ರ, ಚಾಮರ, ಗಜಾರೋಹಣಗಳಂತಹ ರಾಜೋಪಚಾರಗಳನ್ನು ಬಡ ಗೃಹಸ್ಥನೂ ಸಲ್ಲಿಸುವುದು ಅಕ್ಷತೆಯಿಂದಲೇ. ಮನೆಯಲ್ಲಿ ಎಲ್ಲವೂ ಇರದು ಎಂಬ ಅರಿವು ಈ ವಿಧಿಯನ್ನು ಕಟ್ಟಿದವರಿಗೆ ಇತ್ತು. ಪೂಜೆಯ ಕೊನೆಯಲ್ಲಿ ಬರುವ ಕ್ಷಮಾಪಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಂತ್ರ, ಕ್ರಿಯೆ, ಭಕ್ತಿ ಮೂರರಲ್ಲಿಯೂ ಲೋಪವಾಗಿದೆಯೆಂದು ಒಪ್ಪಿಕೊಂಡು, ಅದನ್ನು ಪರಿಪೂರ್ಣವೆಂದು ಸ್ವೀಕರಿಸಬೇಕೆಂಬ ಬೇಡಿಕೆ ಅದು. ಅದನ್ನು ತಪ್ಪಾದ ದಿನ ಮಾತ್ರ ಹೇಳುವುದಲ್ಲ, ದಿನವೂ ಹೇಳುತ್ತಾರೆ. ವೇದಾಧ್ಯಯನ ಮಾಡಿದ ಘನಪಾಠಿಯೂ ಹೇಳುತ್ತಾನೆ.

ನಿಯಮ ಮುರಿಯುವ ಸಂದರ್ಭಗಳಿಗೂ ನಿಯಮವಿದೆ. ಮನೆಯಲ್ಲಿ ಜನನವಾದರೆ, ಮರಣವಾದರೆ ಅಶೌಚ. ಅಷ್ಟು ದಿನ ಮನೆಯವರು ದೇವರನ್ನು ಮುಟ್ಟುವುದಿಲ್ಲ. ಹನ್ನೊಂದನೆಯ ದಿನವೋ ಶುದ್ಧಿಯಾದ ದಿನವೋ ಮತ್ತೆ ದೀಪ ಹಚ್ಚುತ್ತಾರೆ. ಕಳೆದ ದಿನಗಳ ಬಾಕಿ ಪೂಜೆಯನ್ನು ತೀರಿಸು ಎಂದು ಯಾರೂ ಕೇಳುವುದಿಲ್ಲ. ಬಿಟ್ಟು ಮತ್ತೆ ಹಿಡಿಯುವುದು ಹೇಗೆಂಬುದನ್ನು ಮನೆಯ ಮಕ್ಕಳು ಕಲಿತದ್ದು ಇಂತಹ ದಿನಗಳಲ್ಲಿ. ಕೈಲಾಗದವನಿಗೆ ಮಾನಸಪೂಜೆಯನ್ನೂ ಹೇಳಿದೆ. ಆದರೆ ಅದನ್ನು ಸುಲಭವಾದ ಉಪಾಯವೆಂದು ಹೊಸಬರಿಗೆ ಸೂಚಿಸುವುದು ಅಷ್ಟು ಸಮಂಜಸವಲ್ಲ. ಶಂಕರರ ಹೆಸರಿನಲ್ಲಿರುವ ಶಿವಮಾನಸಪೂಜೆಯನ್ನು ಓದಿದವರಿಗೆ ಗೊತ್ತು: ಇಲ್ಲದ ರತ್ನಪೀಠವನ್ನು ಮನಸ್ಸಿನಲ್ಲಿ ಕಟ್ಟುವುದಕ್ಕಿಂತ ಇರುವ ಹೂವೊಂದನ್ನು ಏರಿಸುವುದು ಸುಲಭ.

ಸಂಕಲ್ಪದ ವಿಷಯವಾಗಿ ಒಂದು ಮಾತು ಉಳಿದಿದೆ. ಪೂಜೆಗೆ ಮೊದಲು ಆರಾಧಕ ತಾನು ಯಾವ ಸಂವತ್ಸರದ, ಯಾವ ಮಾಸದ, ಯಾವ ತಿಥಿಯಲ್ಲಿ ಇದ್ದೇನೆ, ಯಾವ ನೆಲದ ಮೇಲೆ ಕುಳಿತಿದ್ದೇನೆ ಎಂದು ಹೇಳಿಕೊಳ್ಳಬೇಕು. ಕರ್ನಾಟಕದವರು ಗೋದಾವರಿಯ ದಕ್ಷಿಣ ತೀರದಲ್ಲಿ ಎಂದು ಹೇಳುವುದು ವಾಡಿಕೆ. ಕಾವೇರಿಯ ದಡದಲ್ಲಿ ಕುಳಿತವನೂ ಹಾಗೆಯೇ ಹೇಳುತ್ತಾನೆ. ಅಮೆರಿಕದಲ್ಲಿ ನೆಲೆಸಿದವರ ಪೂಜೆಗಳಲ್ಲಿ ಜಂಬೂದ್ವೀಪದ ಸ್ಥಾನಕ್ಕೆ ಪುರಾಣಗಳ ಕ್ರೌಂಚದ್ವೀಪ ಬಂದಿದೆ. ಅಲ್ಲಿಯ ಕನ್ನಡ ಮನೆಯೊಂದರಲ್ಲಿ, ಗೋಡೆಗೆ ತಗುಲಿಸಿದ ಪಟದ ಮುಂದೆ, ಹೊಗೆಯ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳದಂತೆ ಧೂಪವನ್ನು ಬಿಟ್ಟು, ಅದರ ಬದಲಿಗೆ ನಾಲ್ಕು ಕಾಳು ಅಕ್ಷತೆ ಹಾಕುವವಳು ಶಾಸ್ತ್ರವನ್ನು ಮೀರಿಲ್ಲ.