ಧೋತರದ ಗಂಟಿನಲ್ಲಿ ರೋಗ ಗುರುತಿಸಿದ ವೈದ್ಯ

ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಹಿರಿಯ ರೈತರನ್ನು ನೀವು ನೋಡಿರುತ್ತೀರಿ. ಧೋತರವನ್ನು ನಡುವಿಗೆ ಬಿಗಿದು ಕಟ್ಟುವುದು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿ ಬಾಯಿಗಿಡುವುದು ನಮ್ಮ ಕಡೆಯ ಹಳೆಯ ರೂಢಿ. ಇಂಥ ರೂಢಿಗಳನ್ನೇ ವಿಜ್ಞಾನದ ಕಣ್ಣಿನಿಂದ ಪರೀಕ್ಷಿಸಿದ ಮಹನೀಯರು ಡಾ. ವಸಂತ ರಾಮಜಿ ಖಾನೋಲ್ಕರ್. ನಮ್ಮ ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಕಾಣುವುದು ಅಪರೂಪ.

1895ರಲ್ಲಿ ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ ಜನಿಸಿದ ಇವರು 1923ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ರೋಗಶಾಸ್ತ್ರದಲ್ಲಿ ಎಂ.ಡಿ. ಪದವಿ ಪಡೆದರು. ಮರಳಿ ಬಂದು ಮುಂಬಯಿಯ ಗ್ರಾಂಟ್ ಮತ್ತು ಜಿ.ಎಸ್. ವೈದ್ಯಕೀಯ ಕಾಲೇಜುಗಳಲ್ಲಿ ಪಾಠ ಹೇಳಿದರು. 1941ರಲ್ಲಿ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದಾಗ ಅದರ ಪ್ರಯೋಗಾಲಯಗಳ ಹೊಣೆ ಇವರ ಹೆಗಲಿಗೆ ಬಂತು.

ರೋಗಶಾಸ್ತ್ರಜ್ಞರೆಂದರೆ ಔಷಧ ಬರೆದುಕೊಡುವ ಡಾಕ್ಟರಲ್ಲ. ಗಡ್ಡೆಯಿಂದಲೋ ಹುಣ್ಣಿನಿಂದಲೋ ತೆಗೆದ ಸಣ್ಣ ಚೂರು ಅವರ ಬಳಿ ಬರುತ್ತದೆ. ಅದನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಗಟ್ಟಿ ಮಾಡಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜೀವಕೋಶಗಳು ಶಿಸ್ತು ಬಿಟ್ಟು ಬೆಳೆದಿವೆಯೇ, ಪಕ್ಕದ ಭಾಗಕ್ಕೆ ನುಗ್ಗಿವೆಯೇ ಎಂಬುದು ಅಲ್ಲಿಯೇ ತಿಳಿಯಬೇಕು. ಚೂರು ತೆಗೆದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಈಗಲೂ ಹೇಳುವವರಿದ್ದಾರೆ. ಈ ಭಯದಿಂದ ದವಾಖಾನೆಗೆ ಹೋಗದೆ ಕೂತವರ ರೋಗ ಮುಂದುವರಿಯುತ್ತದೆ, ಅಷ್ಟೇ.

ಖಾನೋಲ್ಕರ್ ಅವರು ಚೂರು ನೋಡಿ ಸುಮ್ಮನಾಗಲಿಲ್ಲ. ಹುಣ್ಣು ಇಲ್ಲಿಯೇ ಏಕೆ ಎದ್ದಿತು ಎಂದು ಕೇಳಿದರು. ಭಾರತದಲ್ಲಿ ಕ್ಯಾನ್ಸರ್ ವಿರಳ ಎಂಬ ಮಾತು ಆಗ ವೈದ್ಯರಲ್ಲಿಯೂ ಇತ್ತು. ಸಹೋದ್ಯೋಗಿ ಸೂರ್ಯಬಾಯಿ ಅವರೊಂದಿಗೆ 1945ರಲ್ಲಿ ಅಮೆರಿಕದ ರೋಗಶಾಸ್ತ್ರ ಪತ್ರಿಕೆಯೊಂದರಲ್ಲಿ ಇವರು ಪ್ರಕಟಿಸಿದ ಲೇಖನ ಭಾರತದ ಮೂರು ಹೊಸ ಬಗೆಯ ಕ್ಯಾನ್ಸರ್‌ಗಳನ್ನು ವಿವರಿಸಿತು. ಮೊದಲನೆಯದು ಧೋತರದ್ದು. ವರ್ಷಗಟ್ಟಲೆ ಒಂದೇ ಕಡೆ ಬಿಗಿದು ಉಜ್ಜಿದ ನಡುವಿನ ಚರ್ಮ ಮೊದಲು ದಪ್ಪವಾಗಿ, ಬಣ್ಣಗೆಟ್ಟು, ಕೆಲವರಲ್ಲಿ ಕೊನೆಗೆ ಕ್ಯಾನ್ಸರ್ ಆಗುತ್ತಿತ್ತು. ಸೀರೆಯ ಬಿಗಿತದಿಂದಲೂ ಹೀಗಾಗುವುದನ್ನು ಮುಂದೆ ವೈದ್ಯರು ಕಂಡರು. ಎರಡನೆಯದು ಚುಟ್ಟಾದ್ದು. ಆಂಧ್ರದ ಕರಾವಳಿಯಲ್ಲಿ, ಅದರಲ್ಲೂ ಹೆಂಗಸರು, ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಿದ್ದರು. ಅಂಥವರಿಗೆ ಅಂಗುಳಿನಲ್ಲಿ ರೋಗ! ಮೂರನೆಯದು ಖೈನಿಯದ್ದು: ಸುಣ್ಣ ಬೆರೆಸಿದ ತಂಬಾಕನ್ನು ಕೆಳತುಟಿಯ ಸಂದಿನಲ್ಲಿ ಇಟ್ಟವರಿಗೆ ಅದೇ ಸಂದಿನಲ್ಲಿ ಹುಣ್ಣು.

ನೋಡಿ, ಮೂರರಲ್ಲಿಯೂ ರೋಗದ ಜಾಗವೇ ಕಾರಣದ ಜಾಗವನ್ನು ತೋರಿಸುತ್ತದೆ. ಹಣೆಬರಹ ಎಂದು ಜನ ಕೈಚೆಲ್ಲಿದ್ದನ್ನು ಇವರು ಬಿಡಬಹುದಾದ ರೂಢಿ ಎಂದು ತೋರಿಸಿದರು. ಧೋತರದ ವಿಷಯದಲ್ಲಂತೂ ಗಂಟು ಸಡಿಲಿಸಿದರೆ, ಜಾಗ ಬದಲಿಸಿದರೆ ಸಾಕು. ತಂಬಾಕು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂತು. ಎರಡನ್ನೂ ಬೆರೆಸಿ ದವಡೆಗೆ ಇಟ್ಟುಕೊಳ್ಳುವ ಹುಡುಗರಲ್ಲಿ ನಿಮ್ಮ ಗೆಳೆಯರೂ ಇರಬಹುದು.

ಮುಂದಿನ ಪದವಿಗಳನ್ನು ಚುಟುಕಾಗಿ ಹೇಳುತ್ತೇನೆ. ಅಂತರರಾಷ್ಟ್ರೀಯ ಕ್ಯಾನ್ಸರ್ ವಿರೋಧಿ ಒಕ್ಕೂಟದ ಅಧ್ಯಕ್ಷರು, 1952ರಲ್ಲಿ ಸ್ಥಾಪನೆಯಾದ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕರು, 1960ರಿಂದ 1963ರವರೆಗೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳು. ಪದ್ಮಭೂಷಣ ಪ್ರಶಸ್ತಿಯೂ ಸಂದಿತು. ಕುಷ್ಠರೋಗದ ಮೇಲೆ ಇವರು ಮಾಡಿದ ಸಂಶೋಧನೆ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು. 1978ರಲ್ಲಿ ನಿಧನರಾದರು.

ಇವರ ಸಂಶೋಧನಾ ಕೇಂದ್ರವೂ ಟಾಟಾ ಆಸ್ಪತ್ರೆಯೂ 1966ರಲ್ಲಿ ಒಂದಾಗಿ ಟಾಟಾ ಸ್ಮಾರಕ ಕೇಂದ್ರವಾಯಿತು. ಅದರ ನೆರವಿನಿಂದ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದದ್ದು ಆಳಂದಕ್ಕೆ ಹತ್ತಿಕೊಂಡಿರುವ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಅಲ್ಲಿನ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ, ಬಾಯಲ್ಲಿ ವಾಸಿಯಾಗದ ಹುಣ್ಣು ಯಾರಿಗಾದರೂ ಇದೆಯೇ ಎಂದು ವಿಚಾರಿಸಿ, ಇದ್ದವರನ್ನು ಪರೀಕ್ಷೆಗೆ ಕಳಿಸುವ ಕ್ರಮ ಹಾಕಿಕೊಂಡರು.