ಗ್ರಾಂಟ್ ರೋಡಿನ ಗುಜರಿಯಲ್ಲಿ ಗ್ರೂವ್

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕಿಳಿದು ಒಂದಿಷ್ಟು ನಡೆದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಹಳೆಯ ಗಡಿಯಾರ, ಹಿತ್ತಾಳೆ ಸಾಮಾನು, ಸಿನಿಮಾ ಪೋಸ್ಟರುಗಳ ನಡುವೆ ಎಲ್‌ಪಿ ರೆಕಾರ್ಡುಗಳ ಅಟ್ಟಿ. ಕೊಳ್ಳಲು ಬಂದವರು ರಟ್ಟಿನ ಹೊದಿಕೆಯಿಂದ ತಟ್ಟೆಯನ್ನು ಮೆಲ್ಲಗೆ ಎಳೆದು, ಅಂಚನ್ನಷ್ಟೇ ಎರಡು ಅಂಗೈಗಳ ನಡುವೆ ಹಿಡಿದು, ಬೆಳಕಿಗೆ ಓರೆಮಾಡಿ ಗೀರು ಬಿದ್ದಿದೆಯೇ ಎಂದು ನೋಡುತ್ತಾರೆ. ಹೆವಿ ಮೆಟಲ್‌ನ ಭಾರವೂ ಫಂಕ್‌ನ ಕುಣಿತವೂ ಕೂಡಿದ ಸಂಗೀತವನ್ನು ಅರಸುವವರಿಗೆ ಈ ಅಟ್ಟಿಗಳಲ್ಲಿ ದೊಡ್ಡ ಚರಿತ್ರೆಯೇ ಇದೆ.

ಈ ಬೆರಕೆಗೆ ಜಗತ್ತಿನಲ್ಲಿ ಹೆಸರು ಬಂದದ್ದು 1980ರ ದಶಕದ ಕೊನೆಗೆ. ಜೇಮ್ಸ್ ಬ್ರೌನ್ ರೂಢಿಗೆ ತಂದ ಫಂಕ್‌ನಲ್ಲಿ ಆವರ್ತದ ಮೊದಲ ಪೆಟ್ಟಿಗೆ ಹೆಚ್ಚು ತೂಕ. ಬೇಸ್ ಗಿಟಾರು, ಕಿಕ್ ಡ್ರಮ್ಮು ಜೊತೆ ತಪ್ಪದೆ ನಡೆಯುತ್ತವೆ, ಉಳಿದ ವಾದ್ಯಗಳು ಸಂದು ಸಿಕ್ಕಲ್ಲಿ ನುಸುಳುತ್ತವೆ. ಅದರ ಮೇಲೆ ಮೆಟಲ್‌ನ ಒರಟು ಗಿಟಾರನ್ನು ಕೂರಿಸಿದವರು ಲಿವಿಂಗ್ ಕಲರ್ (‘ವಿವಿಡ್’, 1988), ಫೇಯ್ತ್ ನೋ ಮೋರ್ (‘ದಿ ರಿಯಲ್ ಥಿಂಗ್’, 1989) ಮುಂತಾದ ತಂಡಗಳು. 1991ರಲ್ಲಿ ಸ್ಟಾರ್ ಟಿವಿಯ ಜೊತೆ ಎಂಟಿವಿ ಬಂದಮೇಲೆ ಇವು ಭಾರತದ ಮನೆಗಳನ್ನೂ ತಲುಪಿದವು.

ಗ್ರಾಂಟ್ ರೋಡಿನ ಸುತ್ತಮುತ್ತ ಮಾತ್ರ ಇಂಥ ಕೂಡಾಟ ಅದಕ್ಕೂ ಎಷ್ಟೋ ಮೊದಲು ಶುರುವಾಗಿತ್ತು.

ಪರವೂರಿನ ಆಟವನ್ನು ಕಂಡು ತನ್ನದೊಂದನ್ನು ಕಟ್ಟುವುದು ಈ ಬೀದಿಯ ಹಳೆಯ ಗುಣ. ಜಗನ್ನಾಥ ಶಂಕರಶೇಟರು ಕೊಟ್ಟ ಜಾಗದಲ್ಲಿ 1846ರಲ್ಲಿ ಗ್ರಾಂಟ್ ರೋಡ್ ಥಿಯೇಟರ್ ಎದ್ದಿತು. 1853ರಲ್ಲಿ ಅಲ್ಲಿ ಮರಾಠಿ ನಾಟಕ ಆಡಿದವರು ಸಾಂಗ್ಲಿಯ ವಿಷ್ಣುದಾಸ ಭಾವೆ. ಅವರು ನಾಟಕ ಕಟ್ಟಲು ಹೊರಟದ್ದೇ ಉತ್ತರ ಕನ್ನಡದ ಕರ್ಕಿಯಿಂದ ಸಾಂಗ್ಲಿಗೆ ಹೋದ ಭಾಗವತ ಮೇಳದ ಆಟದಿಂದ. ಚಂಡೆ-ಮದ್ದಳೆಯ ನಾಡಿನ ಆಟವೊಂದು ಹೀಗೆ ಮರಾಠಿ ರಂಗಭೂಮಿಯ ಹುಟ್ಟಿಗೆ ಕಾರಣವಾಯಿತು.

ಮುಂದೆ ಸಿನಿಮಾ ಬಂತು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡು, ಇಲ್ಲೇ ಪಕ್ಕದ ಲ್ಯಾಮಿಂಗ್ಟನ್ ರೋಡಿನ ಮಿನರ್ವ ಟಾಕೀಸಿನಲ್ಲಿ ಐದು ವರ್ಷ ಓಡಿತು. 70 ಎಂಎಂ ಪರದೆ, ಸ್ಟೀರಿಯೊ ಧ್ವನಿ, ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್ನರ ಗಿಟಾರು ಇಡೀ ಸಭಾಂಗಣವನ್ನು ತುಂಬಿದವು. ಮುಂಬಯಿಯ ಸ್ಟುಡಿಯೋಗಳಲ್ಲಿ ಆಗ ಗೋವೆಯವರು, ಪಾರ್ಸಿಗಳು ಡ್ರಮ್ಮು, ಬೇಸುಗಳನ್ನು ತಬಲಾ ವಾದಕರ ಪಕ್ಕದಲ್ಲೇ ಕೂತು ನುಡಿಸುತ್ತಿದ್ದರು. ಈ ಕೂಡಾಟದ ಬಲ ಹೊರಗಿನವರಿಗೆ ತಿಳಿದದ್ದು ತಡವಾಗಿ. ಸಂಗೀತ ನಿರ್ದೇಶಕ ಜೋಡಿ ಕಲ್ಯಾಣಜಿ-ಆನಂದಜಿ ‘ಅಪರಾಧ್’ (1972), ‘ಡಾನ್’ (1978) ಚಿತ್ರಗಳಿಗೆ ಮಾಡಿದ ಎರಡು ಹಾಡುಗಳ ತುಣುಕುಗಳ ಮೇಲೆ ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡ 2005ರಲ್ಲಿ ಹಾಡೊಂದನ್ನು ಕಟ್ಟಿ ಗ್ರ್ಯಾಮಿ ಗೆದ್ದಿತು.

ರಾಕ್ ತಂಡಗಳ ಪಾಡು ಇನ್ನೂ ಕಷ್ಟದ್ದು. 1972ರಲ್ಲಿ ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಪುಟ್ಟ ಕ್ಲಬ್ಬಿನಲ್ಲಿ ಲೆಡ್ ಜೆಪ್ಲಿನ್‌ನ ಜಿಮ್ಮಿ ಪೇಜ್, ರಾಬರ್ಟ್ ಪ್ಲಾಂಟ್ ನುಡಿಸಿ ಹಾಡಿದ್ದನ್ನು ಊರು ಇಂದಿಗೂ ನೆನೆಯುತ್ತದೆ. ಅದೇ ಊರಿನ ಅಟಾಮಿಕ್ ಫಾರೆಸ್ಟ್ ತಂಡವನ್ನು ನೆನೆದವರು ಕಡಿಮೆ. ಕೀತ್ ಕಾಂಗಾ ಮುನ್ನಡೆಸಿದ, ನಂದು ಭೇಂಡೆ ಒಂದಷ್ಟು ಕಾಲ ಹಾಡಿದ ಈ ತಂಡದ ‘ಅಬ್ಸೆಷನ್ ’77’ ಎಲ್‌ಪಿಯಲ್ಲಿ ಕರ್ಕಶ ಫಝ್ ಗಿಟಾರು ಫಂಕ್ ಬೇಸಿನ ಮೇಲೆ ಸವಾರಿ ಮಾಡುತ್ತದೆ. ಭಾರತದಲ್ಲಿ ಗಟ್ಟಿ ರಾಕ್ ಮತ್ತು ಗ್ರೂವ್ ಒಂದಾದ ಮೊದಮೊದಲ ದಾಖಲೆಗಳಲ್ಲಿ ಇದೂ ಒಂದು. ರೆಕಾರ್ಡು ಅಂಗಡಿಗೆ ಬರುವ ಹೊತ್ತಿಗೆ ತಂಡವೇ ಚದುರಿತ್ತು. 2011ರಲ್ಲಿ ಲಾಸ್ ಏಂಜಲಿಸ್‌ನ ನೌ-ಅಗೇನ್ ರೆಕಾರ್ಡ್ಸ್ ಅದನ್ನು ಮತ್ತೆ ಹೊರತಂದ ಮೇಲೆಯೇ ಹೊಸ ತಲೆಮಾರಿನ ಕಿವಿಗೆ ಬಿದ್ದದ್ದು. ಸ್ವಂತ ಸಂಗೀತವನ್ನು ಮುಂಬಯಿ ಹೀಗೆ ಪರದೇಶದಿಂದ ತರಿಸಿಕೊಂಡು ಕೇಳಬೇಕಾಯಿತೆಂಬುದು ನೋವಿನ ಸಂಗತಿ.

1986ರಲ್ಲಿ ಆರಂಭವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವ ಧೋಬಿ ತಲಾವಿನ ರಂಗಭವನವನ್ನು ಮೆಟಲ್ ಹುಡುಗರ ಅಡ್ಡೆಯಾಗಿಸಿತು. ಶಬ್ದನಿಯಮಗಳು ಬಿಗಿಯಾದಾಗ ಆ ಬಯಲು ರಂಗಮಂದಿರದಲ್ಲಿ ರಾಕ್ ನಿಂತುಹೋಯಿತು, ತಂಡಗಳು ನಿಲ್ಲಲಿಲ್ಲ. ಅವುಗಳಲ್ಲಿ ಸ್ಕ್ರೈಬ್ ಕುಣಿಸುವ ಭಾರವನ್ನು ಹಿಂದಿ ಸಿನಿಮಾದ ನೆನಪುಗಳಿಗೆ ಬೆಸೆಯಿತು: 2010ರ ‘ಮಾರ್ಕ್ ಆಫ್ ತೇಜಾ’, 2014ರ ‘ಹೇಲ್ ಮೊಗ್ಯಾಂಬೊ’ ಎಂಬ ಆಲ್ಬಮ್ಮುಗಳ ಹೆಸರಿನಲ್ಲೇ ಹಿಂದಿ ಸಿನಿಮಾದ ಖಳರಿದ್ದಾರೆ.

ಈ ಜಾಡು ಹಿಡಿಯಬಯಸುವವರು ‘ಅಪರಾಧ್’ನಿಂದ ಶುರುಮಾಡಿ ‘ಶೋಲೆ’ಯ ಶೀರ್ಷಿಕೆ ಸಂಗೀತ, ‘ಅಬ್ಸೆಷನ್ ’77’, ಬಳಿಕ ಸ್ಕ್ರೈಬ್ ಹೀಗೆ ಸಾಲಾಗಿ ಕೇಳಬೇಕು. ಪ್ರತಿ ಸಲವೂ ಗಿಟಾರನ್ನು ಬದಿಗಿಟ್ಟು ಮೊದಲು ಬೇಸಿಗೂ ಕಿಕ್ ಡ್ರಮ್ಮಿಗೂ ಕಿವಿಗೊಟ್ಟರೆ, ನಾಲ್ಕು ದಶಕಗಳ ಆ ನಂಟು ತಾನಾಗಿ ಕೇಳಿಸುತ್ತದೆ.